ಇಲ್ಲದ ಸೋಮವಾರ

ಕಚೇರಿಯ ಬಾಗಿಲ ಬಳಿ ಕೂತು ಫೋನ್ ಎತ್ತುತ್ತಿದ್ದಷ್ಟು ಕಾಲ ಅವಳಿಗೆ ಯಾರ ಭಯವೂ ಇರಲಿಲ್ಲ. ಬೈಯಲು ಫೋನ್ ಮಾಡಿದವರು ಅವಳನ್ನು ಬೈಯುತ್ತಿರಲಿಲ್ಲ, ಅವಳ ಮೂಲಕ ಬೇರೆಯವರನ್ನು ಬೈಯುತ್ತಿದ್ದರು. "ಒಂದ್ನಿಮಿಷ, ಲೈನಲ್ಲಿರಿ" ಎಂದು ಗುಂಡಿ ಒತ್ತಿದರೆ ಬೈಗುಳವೆಲ್ಲ ಒಳಗಿನ ಕೋಣೆಗೆ ಹೋಗಿ ಬೀಳುತ್ತಿತ್ತು. ಅವಳು ಹಾಯಾಗಿ ಉಗುರು ನೋಡಿಕೊಳ್ಳುತ್ತಿದ್ದಳು. ಖಾಲಿ ಮಳಿಗೆಗಳನ್ನು ಅಂಗಡಿಯಾಗಿಯೋ ಕ್ಲಿನಿಕ್ಕಾಗಿಯೋ ಮಾಡಿ ಬೀಗದ ಕೈ ಒಪ್ಪಿಸುವ ಸಣ್ಣ ಕಂಪನಿ ಅದು. ಅಲ್ಲಿನ ಕೆಲಸಗಾರರೆಲ್ಲ ಅವಳನ್ನು 'ಹಲೋ ಮೇಡಂ' ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಒಂದು ದಿನ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ತಲೆನೋವು ಎಂದು ಹೇಳಿ ಹೋದವನು ತಲೆಯನ್ನು ವಾಪಸ್ ತರಲೇ ಇಲ್ಲ. ಯಜಮಾನರು ಹಲೋ ಮೇಡಂ ಅನ್ನು ಒಳಗೆ ಕರೆದರು.

"ಎಲ್ಲರ ನಂಬರೂ ನಿಮಗೆ ಬಾಯಿಪಾಠ. ಪ್ರಾಜೆಕ್ಟ್ ಮ್ಯಾನೇಜರ್ ಆಗೋಕೆ ಇನ್ನೇನಮ್ಮ ಬೇಕು?"

"ಸರ್, ನಂಗೆ ಸಿಮೆಂಟಿಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಿಲ್ಲ."

"ಗೊತ್ತಿದ್ದೋನು ಓಡಿಹೋದ್ನಲ್ಲ! ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಸೋಮವಾರ ಬೆಳಗ್ಗೆ ಬೀಗದ ಕೈ ಅವರ ಕೈಲಿರ್ಬೇಕು. ಇದ್ರೆ ಮ್ಯಾನೇಜರ್ ಕುರ್ಚಿ ನಿಮ್ದು. ಇಲ್ದಿದ್ರೆ..." ಯಜಮಾನರು ಗಾಜಿನಾಚೆ ಕಣ್ಣು ಹಾಯಿಸಿದರು. ಫೋನಿನ ಮುಂದೆ ಆಗಲೇ ಹೊಸ ಹುಡುಗಿಯೊಬ್ಬಳು ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

ಅಲ್ಲಿಗೆ, ಮುಂದೆ ಹೋದರೆ ಸೋಮವಾರ, ಹಿಂದೆ ತಿರುಗಿದರೆ ಕೂರಲು ಜಾಗವಿಲ್ಲ. ಹೀಗೆ ನಮ್ಮ ವೀರನಾರಿ ಸೇನಾಧಿಪತ್ಯ ವಹಿಸಿಕೊಂಡಳು. ಪಟ್ಟಾಭಿಷೇಕವಾದ ಕೂಡಲೇ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಸೋಮವಾರದ ಕಥೆಯನ್ನೆಲ್ಲ ಹೇಳಿಕೊಂಡಳು. ಅತ್ತೆಗೆ ಕನಿಕರ ಬಂತು. ಆ ಮನೆಯ ಗಡಿಯಾರವನ್ನು ಯಾವ ಕಾಲದಿಂದಲೋ ಹತ್ತು ನಿಮಿಷ ಮುಂದಿಟ್ಟು ಸಂಸಾರ ನಡೆಸಿದ ಹೆಂಗಸು ಅವರು.

"ಯಾರಿಗೂ ನಿಜವಾದ ದಿನ ಹೇಳ್ಬೇಡ ಕಣೇ. ಎರಡು ದಿನ ಮುಂಚೇನೇ ಹೇಳು. ಗಡಿಯಾರ ಮುಂದಿಟ್ಟಿದ್ದಕ್ಕೇ ನಿನ್ನ ಗಂಡ ಇವತ್ತು ಮನುಷ್ಯ ಆಗಿರೋದು."

"ಅದು ಮುಂದಿದೆ ಅಂತ ಗೊತ್ತಿರೋದಕ್ಕೇ ಅಮ್ಮಾ, ನಾನು ದಿನಾ ಬಸ್ ತಪ್ಪಿಸ್ಕೊಳ್ಳೋದು" ಎಂದ ಗಂಡ. ಅವನ ಮಾತಿಗೆ ಆ ಮನೆಯಲ್ಲಿ ಯಾರು ಬೆಲೆ ಕೊಡುತ್ತಿದ್ದರು? ಅವಳೂ ಕೊಡಲಿಲ್ಲ.

ಮರುದಿನದಿಂದ ಹಲೋ ಮೇಡಂ ಸುಳ್ಳು ಹೇಳತೊಡಗಿದಳು. ಭಯದಿಂದ ಹೇಳುವ ಸುಳ್ಳಿಗೆ ಒಂದು ವಿಶೇಷ ವಿನಯವಿರುತ್ತದೆ. ಕೆಲಸದ ಕ್ರಮವೇನೋ ಸರಳವಾಗಿತ್ತು. ಮೊದಲು ಪ್ಲಂಬರ್ ನೆಲದಡಿ ಪೈಪು ಹಾಕಬೇಕು, ಆಮೇಲೆ ಎಲೆಕ್ಟ್ರಿಷಿಯನ್ ಗೋಡೆ ಕೊರೆದು ವೈರು ಎಳೆಯಬೇಕು, ಅನಂತರ ಟೈಲ್ಸ್ ಮೇಸ್ತ್ರಿ, ಅವನ ಹಿಂದೆ ಪೇಂಟರ್, ಎಲ್ಲ ಮುಗಿದ ಮೇಲೆ ಹಲ್ಲು ಕೀಳುವ ಕುರ್ಚಿ. ಅವಳು ಒಬ್ಬೊಬ್ಬರಿಗೂ ಒಂದೊಂದು ಮುಂಚಿನ ದಿನ ಹೇಳಿದಳು. ರಾತ್ರಿ ಭಯ ಹೆಚ್ಚಾದಾಗ ಇನ್ನೂ ಒಂದು ದಿನ ಹಿಂದಕ್ಕೆ ತಂದು ಮತ್ತೆ ಫೋನ್ ಮಾಡಿದಳು. ವಾರಾಂತ್ಯದ ಹೊತ್ತಿಗೆ ಯಾರಿಗೆ ಯಾವ ಸುಳ್ಳು ಹೇಳಿದ್ದೆನೆಂಬುದು ಅವಳಿಗೇ ಕಲಸಿಹೋಯಿತು. ಫೋನ್ ಗುರ್ ಎಂದರೆ ಎದೆ ಧಸಕ್ ಎನ್ನುತ್ತಿತ್ತು. ಎದುರು ಮನೆಯ ಮಗು ಅತ್ತರೂ ಬ್ಯಾಗಿಗೆ ಕೈ ಹಾಕಿ ಫೋನ್ ಹುಡುಕುತ್ತಿದ್ದಳು.

ಆದರೆ ಕೆಲಸಗಾರರೇನು ನಿನ್ನೆ ಮೊನ್ನೆ ಹುಟ್ಟಿದವರೇ? ಮ್ಯಾನೇಜರುಗಳ ಬಾಯಲ್ಲಿ ಬರುವ ದಿನಕ್ಕೆ ತಮ್ಮ ಲೆಕ್ಕದಲ್ಲಿ ಒಂದಿಷ್ಟು ಸೇರಿಸಿಕೊಂಡೇ ಬದುಕಿದವರು. ಪ್ಲಂಬರ್ ಧಾರಾಳವಾಗಿ ಸೇರಿಸಿದ. ಎಲೆಕ್ಟ್ರಿಷಿಯನ್ ತಕ್ಕಮಟ್ಟಿಗೆ ಸೇರಿಸಿದ. ಮೇಸ್ತ್ರಿ ಅಂದಾಜಿಗೆ ಸೇರಿಸಿದ. ಪೇಂಟರ್ ಮಾತ್ರ ಈ ಕಂಪನಿಗೆ ಹೊಸಬ, ಹೇಳಿದ್ದನ್ನು ಹೇಳಿದ ಹಾಗೇ ನಂಬುವ ದುರಭ್ಯಾಸವಿದ್ದವನು. ಹೀಗಾಗಿ ಶನಿವಾರ ಬೆಳಗ್ಗೆ, ಎರಡು ಮಂಚ ಹಿಡಿಸದ ಆ ಕ್ಲಿನಿಕ್ಕಿನ ಕೋಣೆಯ ಮುಂದೆ ನಾಲ್ಕು ಸೈನ್ಯಗಳೂ ಒಟ್ಟಿಗೆ ಬಂದು ಇಳಿದವು. ಹಿಂದೆಯೇ ಲಾರಿಯಲ್ಲಿ ಕುರ್ಚಿಯೂ ದಯಮಾಡಿಸಿತು.

ಹಲೋ ಮೇಡಂ ಬಂದು ನೋಡುವಾಗ ಪ್ಲಂಬರ್ ನೆಲ ಅಗೆಯುತ್ತಿದ್ದ. ಅವನು ಅಗೆಯದ ಮೂಲೆಯಲ್ಲಿ ಮೇಸ್ತ್ರಿ ಟೈಲ್ಸ್ ಜೋಡಿಸಿಟ್ಟಿದ್ದ. ಪೇಂಟರ್ ಬಳಿದ ಹಸಿ ಗೋಡೆಯನ್ನು ಎಲೆಕ್ಟ್ರಿಷಿಯನ್ ಕೊರೆಯುತ್ತಿದ್ದ. ಕೆಂಪು ಧೂಳು ಹಾರಿ ಬಿಳಿ ಗೋಡೆ ಗುಲಾಬಿಯಾಗಿತ್ತು.

"ಏನಯ್ಯಾ, ಕಣ್ಣಿದೆಯಾ ನಿಂಗೆ? ಈಗ ತಾನೆ ಬಳ್ದಿದೀನಿ!"

"ನಿನ್ನ ಯಾರು ಬಳಿಯೋಕೆ ಹೇಳಿದ್ದು? ಮೂಗಿಗೆ ಬಳ್ಕೋ ಹೋಗು!"

"ಮೇಡಂ ಬಂದ್ರು, ಮೇಡಂನೇ ಕೇಳಿ" ಎಂದ ಮೇಸ್ತ್ರಿ. ಬಾಗಿಲಿಗೆ ಅಡ್ಡ ಇಳಿಸಿದ್ದ ಹಲ್ಲಿನ ಕುರ್ಚಿಯ ಮೇಲೆ ರಾಜನಂತೆ ಒರಗಿದ್ದ ಅವನು.

ಅವಳು ಕುರ್ಚಿಯ ಪಕ್ಕದ ಸಂದಿಯಲ್ಲಿ ಹೇಗೋ ನುಸುಳಿ ಒಳಗೆ ಬಂದಳು. ಓಡಿಹೋಗೋಣವೆಂದರೆ ಬಾಗಿಲಿಗೆ ಕುರ್ಚಿ ಅಡ್ಡ. ತಲೆನೋವು ಎನ್ನೋಣವೆಂದರೆ ಆ ನೆಪ ಹಿಂದಿನವನು ಬಳಸಿ ಮುಗಿಸಿದ್ದ.

"ತಪ್ಪು ನಂದೇ" ಎಂದಳು. ದನಿ ಸೊಳ್ಳೆಯದಾಗಿತ್ತು. "ನಿಮಗೆಲ್ಲ ನಾನು ಸುಳ್ಳು ದಿನ ಹೇಳಿದ್ದೆ."

"ಸುಳ್ಳು ಅಂತ ಗೊತ್ತಿತ್ತು ಮೇಡಂ" ಎಂದ ಪ್ಲಂಬರ್. "ಎಷ್ಟು ಸುಳ್ಳು ಅಂತ ಗೊತ್ತಿರ್ಲಿಲ್ಲ."

"ನಂಗೆ ಅದೂ ಗೊತ್ತಿರ್ಲಿಲ್ಲ" ಎಂದ ಪೇಂಟರ್, ಅಳುಮುಖ ಮಾಡಿ.

ಆಗಲೇ, ಬರಬಾರದ ಹೊತ್ತಿಗೆ ಸರಿಯಾಗಿ, ಡಾಕ್ಟರು ಬಂದರು. ಕುರ್ಚಿಯಾಚೆ ಕತ್ತು ಚಾಚಿ ನೆಲದ ಗುಂಡಿ ನೋಡಿದರು, ಗುಲಾಬಿ ಗೋಡೆ ನೋಡಿದರು. ಹಲೋ ಮೇಡಂ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು: "ಡಾಕ್ಟ್ರೇ, ಸೋಮವಾರಕ್ಕೆ ಆಗಲ್ಲ."

"ಸೋಮವಾರ ಏನಿದೆ?"

"ಬೀಗದ ಕೈ... ಕ್ಲಿನಿಕ್ಕು..."

"ನಾನು ನಿಮ್ಮ ಯಜಮಾನರಿಗೆ ಗುರುವಾರ ಅಂದಿದ್ನಲ್ಲಮ್ಮ. ಸೋಮವಾರ ನಾನು ಊರಲ್ಲೇ ಇರಲ್ಲ. ಶುಕ್ರವಾರದಿಂದ ಪೇಷಂಟುಗಳು ಬರ್ತಾರೆ. ಗುರುವಾರಕ್ಕೂ ಆಗಲ್ವಾ?"

ಎಲ್ಲರೂ ಒಮ್ಮೆ ಅವಳ ಮುಖ ನೋಡಿದರು. ಯಜಮಾನರೂ ಅತ್ತೆಯ ಪಂಗಡದವರೇ ಎಂಬುದು ಅವಳಿಗೆ ಆಗ ಹೊಳೆಯಿತು. ಅವರ ಸುಳ್ಳಿನ ಮೇಲೆ ಅವಳು ಸುಳ್ಳು ಹೇರಿದ್ದಳು, ಅದರ ಮೇಲೆ ಕೆಲಸಗಾರರು ತಮ್ಮ ಲೆಕ್ಕ ಹೇರಿದ್ದರು. ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಮೊದಲಿಗಿಂತ ದೊಡ್ಡ ಭಯ ಹಿಡಿಯಿತು. ಸೋಮವಾರ ತಪ್ಪಿದ್ದರೆ ಆಮೇಲೆ ಗುರುವಾರವಾದರೂ ಇತ್ತು. ಈ ಗುರುವಾರದ ಆಚೆ ಏನೂ ಇರಲಿಲ್ಲ.

"ಇವರನ್ನೇ ಕೇಳಿ ಹೇಳ್ತೀನಿ, ಇಲ್ಲೇ ಇರಿ ಡಾಕ್ಟ್ರೇ" ಎಂದು ತಿರುಗಿದಳು. "ಅಣ್ಣಾ, ಪೈಪಿಗೆ ಎಷ್ಟು ಹೊತ್ತು ಬೇಕು? ನಿಜವಾಗಿ."

"ಎರಡು ದಿನ" ಎಂದ ಪ್ಲಂಬರ್.

"ಎರಡು ದಿನ ಮಲಗೋಕಾ? ಇರೋದು ಒಂದು ಮೊಳ ಪೈಪು!" ಎಂದ ಎಲೆಕ್ಟ್ರಿಷಿಯನ್.

"ಸರಿ ಬಿಡಯ್ಯ, ಇವತ್ತು ಸಂಜೆ. ನಿಂದು ಹೇಳು ಈಗ, ಭಾರೀ ಶೂರ!"

ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳಿದ್ದರೆ ಅವರೂ ಎರಡೆರಡು ದಿನ ಸೇರಿಸಿಯೇ ಹೇಳುತ್ತಿದ್ದರು. ನಾಲ್ವರನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿದ್ದರಿಂದ ಒಬ್ಬನ ಬೊಗಳೆಯನ್ನು ಇನ್ನೊಬ್ಬ ಹಿಡಿಯುತ್ತಿದ್ದ. ನಾಚಿಕೆಯಿಂದಲೋ ಜಿದ್ದಿನಿಂದಲೋ ಎಲ್ಲರ ಬಾಯಿಂದಲೂ ನಿಜ ಹೊರಬಿತ್ತು. ಕೂಡಿಸಿ ನೋಡಿದರೆ ಬುಧವಾರ ಸಂಜೆ. ಪೇಂಟರ್ ಇನ್ನೊಮ್ಮೆ ಬಳಿಯುವುದೂ ಸೇರಿ.

"ಗುರುವಾರ ಆಗುತ್ತೆ ಡಾಕ್ಟ್ರೇ" ಎಂದಳು. ಸೇರಿಸಲು ಕಳೆಯಲು ಏನೂ ಇಲ್ಲದ ದಿನವೊಂದನ್ನು ಬಾಯಿಬಿಟ್ಟು ಹೇಳುವುದು ಇಷ್ಟು ಭಯದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಆ ಕೋಣೆಯ ಹೊಸ್ತಿಲಲ್ಲೇ ವಾಸವಿದ್ದಳೆನ್ನಬೇಕು. ಒಬ್ಬ ಹೊರಬಿದ್ದ ಮೇಲೆಯೇ ಇನ್ನೊಬ್ಬನನ್ನು ಒಳಗೆ ಬಿಟ್ಟಳು. ಟೈಲ್ಸ್ ಒಣಗುವುದನ್ನು ಹಾಲು ಉಕ್ಕೀತೆಂದು ಕಾಯುವವರ ಹಾಗೆ ಕಾದಳು. ಗುರುವಾರ ಬೆಳಗ್ಗೆ ಡಾಕ್ಟರು ಸ್ವಿಚ್ ಒತ್ತಿದರು. ಕುರ್ಚಿ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಅವಳ ಉಸಿರೂ ಅಲ್ಲೇ ನಿಂತಿತು. ಎಲೆಕ್ಟ್ರಿಷಿಯನ್ ಹೋಗಿ ಸಡಿಲವಾಗಿದ್ದ ಪ್ಲಗ್ಗನ್ನು ಒತ್ತಿದ. ಕುರ್ಚಿ ಗಾಂಭೀರ್ಯದಿಂದ ಮೇಲೆದ್ದಿತು. ಡಾಕ್ಟರು ನಕ್ಕು ಬೀಗದ ಕೈಗೆ ಕೈ ಚಾಚಿದರು.

ಯಜಮಾನರು ಅವಳನ್ನು ಒಳಗೆ ಕರೆದರು. "ಭೇಷ್ ಕಣಮ್ಮ, ಕುರ್ಚಿ ನಿಮ್ದೇ! ಮುಂದಿನದು ಕನ್ನಡಕದ ಅಂಗಡಿ. ಇಪ್ಪತ್ತನೇ ತಾರೀಕು, ಒಂದು ದಿನವೂ ಆಚೆ ಹೋಗ್ಬಾರ್ದು."

ಹಲೋ ಮೇಡಂ ಬರೆದುಕೊಳ್ಳಲು ಪೆನ್ನು ತೆಗೆದವಳು ಅಲ್ಲೇ ನಿಲ್ಲಿಸಿದಳು. ಮೇಜಿನಂಚು ಹಿಡಿದುಕೊಂಡಳು.

"ಸರ್, ಇಪ್ಪತ್ತು ಅಂದಿದ್ದು ಅಂಗಡಿಯವರಾ, ನೀವಾ?"

ಈಗ ಆ ಹೊಸ ಹುಡುಗಿಯ ಪಕ್ಕದಲ್ಲೂ ಜಾಗ ಸಿಗಲಾರದೆಂದು ಅವಳು ಕಣ್ಣು ಮುಚ್ಚಿಕೊಂಡಳು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಇಪ್ಪತ್ನಾಲ್ಕು ಅಂತ ಬರ್ಕೊಳ್ಳಿ" ಎಂದರು.