ಎರಡು ಹೊಳೆ ದಾಟಿ ಬಂದ ಬೆಕ್ಕು

ಬೆಕ್ಕನ್ನು ಬಿಟ್ಟು ಬರಬೇಕೆಂದರೆ ಹೊಳೆ ದಾಟಿಸಬೇಕು ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಹೊಳೆ ದಾಟಿಸದೆ ಎಷ್ಟು ದೂರ ಬಿಟ್ಟರೂ ಅದು ಮೂಸಿಕೊಂಡು ಮನೆಗೆ ವಾಪಸ್ ಬರುತ್ತದಂತೆ. ನಡುವೆ ನೀರು ಬಂದರೆ ದಾರಿ ತಪ್ಪುತ್ತದಂತೆ. ಈ ನಂಬಿಕೆಯ ಫಲ ಉಣ್ಣುತ್ತಿರುವವಳು ನಾನು. ಶಿವಮೊಗ್ಗದಲ್ಲಿ ತುಂಗೆಯ ಸೇತುವೆ ದಾಟಿ ಊರೊಳಗೆ ಬಂದ ಕೂಡಲೇ ಪಕ್ಕಕ್ಕೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಆಚೆ ದಡದವರಿಗೆ ಹೊಳೆ ದಾಟಿದ ಮೇಲೆ ಸಿಗುವ ಮೊದಲ ಮರೆಯ ಜಾಗ ಅದೇ. ಸ್ಕೂಟರ್ ನಿಲ್ಲಿಸಿ, ಚೀಲ ಬಿಚ್ಚಿ, ಹಿಂದಿರುಗಿ ನೋಡದೆ ಹೋಗಿಬಿಡುತ್ತಾರೆ. ನಮ್ಮ ದಡದವರೇನೂ ಕಡಿಮೆಯಿಲ್ಲ, ತಮ್ಮ ಬೆಕ್ಕುಗಳನ್ನು ಆಚೆಗೆ ಒಯ್ದು ಬಿಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಒಟ್ಟು ಲೆಕ್ಕದಲ್ಲಿ ಎರಡೂ ದಡದ ಬೆಕ್ಕುಗಳ ಸಂಖ್ಯೆ ಸರಿಯಾಗಿಯೇ ಇರಬೇಕು. ಮನೆ ಮಾತ್ರ ಯಾವುದಕ್ಕೂ ಇಲ್ಲ.

ಹಾಗಂತ ನಾನು ದಯೆಯ ಮೂರ್ತಿಯೇನಲ್ಲ. ಬೆಕ್ಕು ಹಾಸಿಗೆ ಹತ್ತಿದರೆ ನನಗೆ ಮೈ ಉರಿಯುತ್ತದೆ. ಆದರೆ ಬಾಗಿಲಲ್ಲಿ ಒಂದು ಜೀವ ಕೂಗುತ್ತಿದ್ದರೆ ಒಳಗೆ ಕೂತು ತುತ್ತು ನುಂಗುವುದು ನನ್ನಿಂದಾಗದು. ಹಾಗಾಗಿ ಏನೋ ಒಂದಿಷ್ಟು ಹಾಕುವುದು, ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದಬಾಯಿಸಿ ಒಂದೊಂದು ಬೆಕ್ಕನ್ನು ಒಂದೊಂದು ಮನೆಗೆ ದಾಟಿಸುವುದು ನಡೆದೇ ಇದೆ. ಬಿಡುವವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸಾಕುವ ಪ್ರಾಣಿಯನ್ನು ತರುವಾಗ ಮನೆಮಂದಿಯೆಲ್ಲ ಹೋಗುತ್ತಾರೆ, ಬಿಡುವಾಗ ಒಬ್ಬರೇ ಹೋಗುತ್ತಾರೆ. ಇದು ನಾನು ಕಂಡ ಸತ್ಯ. ನಮ್ಮೂರ ದುರ್ಗಿಗುಡಿ ಬಡಾವಣೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಹಿಮದ ನಾಡಿನ ದಟ್ಟ ಕೂದಲಿನ ನಾಯಿಮರಿ ತಂದ ದಿನ ಸ್ಟಾಫ್ ರೂಮಿಗೆಲ್ಲ ಪೇಡ ಹಂಚಿದ್ದರು. ಬೇಸಿಗೆಯಲ್ಲಿ ಅದು ಬಚ್ಚಲುಮನೆಯ ನೆಲ ಬಿಟ್ಟು ಏಳದಾದಾಗ ಎಲ್ಲಿಗೆ ಕಳಿಸಿದರೋ, ಯಾರಿಗೂ ಹೇಳಲಿಲ್ಲ. ನಾನು ಕೇಳಿದಾಗ "ತೋಟದ ಮನೆಗೆ ಕೊಟ್ಟಿದೀವಿ, ಆರಾಮಾಗಿದೆ" ಎಂದರು. ಯಾರ ತೋಟ ಎಂದರೆ ಮಾತು ಬದಲಿಸಿದರು. ಬಿಟ್ಟು ಬಂದ ಎಲ್ಲರ ಬಾಯಲ್ಲೂ ಈ "ಆರಾಮಾಗಿದೆ" ಇದ್ದೇ ಇರುತ್ತದೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಗಾದೆಯನ್ನು ಬೆಕ್ಕಿನ ಹೆಸರಿಗೆ ಯಾಕೆ ಕಟ್ಟಿದರೋ ಕಾಣೆ.

ಆ ದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ಓಣಿಯ ತಿರುವಿನಲ್ಲಿ ಸ್ಕೂಟರ್ ನಿಂತಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಅರವತ್ತು ದಾಟಿದ ಮರ್ಯಾದಸ್ಥ ಮನುಷ್ಯ. ಕಾಲ ಹತ್ತಿರ ಗೋಣಿಚೀಲ.

"ಯಾರ್ರೀ ಅದು? ಏನ್ರೀ ಚೀಲದಲ್ಲಿ?" ಕ್ಲಾಸ್‌ರೂಮಿನ ಧ್ವನಿ ನನಗಿನ್ನೂ ಹೋಗಿಲ್ಲ.

"ಏನಿಲ್ಲ ಮೇಡಂ, ತರಕಾರಿ."

ಚೀಲ ಮಿಯಾಂವ್ ಎಂದಿತು.

"ನಿಮ್ಮ ತರಕಾರಿ ಕರೀತಿದೆ ನೋಡಿ" ಎಂದೆ. ಪಾಪ, ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಕಿವಿಯವರೆಗೂ ಕೆಂಪಾದರು.

ಭದ್ರಾವತಿಯಿಂದ ಬಂದಿದ್ದರು. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಮೊದಲು ತಮ್ಮೂರಿನಲ್ಲೇ ಭದ್ರೆಯನ್ನು ದಾಟಿಸಿ ಬೆಕ್ಕನ್ನು ಬಿಟ್ಟು ಬಂದಿದ್ದರಂತೆ. ವಾರದೊಳಗೆ ಅದು ಮನೆಯ ಹಿತ್ತಲಲ್ಲಿ ಹಾಜರು.

"ಸೇತುವೆ ಮೇಲೆ ನಡ್ಕೊಂಡು ಬರ್ತಿತ್ತಂತೆ ಮೇಡಂ. ಹಾಲಿನವನು ನೋಡಿದ್ನಂತೆ."

"ಮತ್ತೇನು, ಈಜ್ಕೊಂಡು ಬರ್ಬೇಕಿತ್ತಾ? ಅದಕ್ಕೆ ಈಗ ತುಂಗೆನೂ ದಾಟಿಸೋಣ ಅಂತ ಬಂದ್ರಾ?"

"ಹೂಂ. ಗಾಜನೂರಿಗೆ ಹೋಗೋಣ ಅಂತಿದ್ದೆ. ಅಲ್ಲಿ ಡ್ಯಾಂ ಹತ್ರ ಮೀನು ಸಿಗುತ್ತೆ, ಆರಾಮಾಗಿರುತ್ತೆ ಅಂತ. ಆಮೇಲೆ ದೂರ ಆಯ್ತು ಅನ್ಸ್ತು."

ಆರಾಮ! ನನ್ನ ಪಿತ್ತ ನೆತ್ತಿಗೇರಿತು. ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದೆ. ಮನೆಯಲ್ಲಿ ಸೊಸೆ ಬಸುರಿ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ತೊಂದರೆ ಎಂದು ಅವರ ಹೆಂಡತಿ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದರಂತೆ.

"ಡಾಕ್ಟ್ರು ಹೇಳಿದ್ರಾ?"

"ಡಾಕ್ಟ್ರನ್ನ ಕೇಳಿಲ್ಲ."

"ಬೆಕ್ಕು ಯಾರದ್ದು?"

ಅವರು ಚೀಲದ ಬಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತರು. "ಸೊಸೇದೇ. ಮದುವೆ ಆಗಿ ಬಂದಾಗ ತವರಿಂದ ಬುಟ್ಟೀಲಿ ತಂದಿದ್ದು."

"ಅವಳಿಗೆ ಗೊತ್ತಾ, ನೀವಿಲ್ಲಿ ಬಂದಿರೋದು?"

ಅವರು ಬಗ್ಗಿ ಚೀಲದ ಗಂಟನ್ನು ಇನ್ನಷ್ಟು ಬಿಗಿದರು.

ವಾಪಸ್ ತೆಗೆದುಕೊಂಡು ಹೋಗಿ ಎಂದು ಗದರಿ ಕಳಿಸಬಹುದಿತ್ತು. ಆದರೆ ಆ ಮನುಷ್ಯ ಮುಂದಿನ ತಿರುವಿನಲ್ಲಿ ಇನ್ನೊಂದು ಓಣಿ ಹುಡುಕುತ್ತಾರೆ ಎಂಬುದು ಗ್ಯಾರಂಟಿ. ಚೀಲ ಇಸಿದುಕೊಂಡೆ. "ಇಟ್ಕೋತೀನಿ. ಆದ್ರೆ ಎರಡು ಮಾತು ಹೇಳಿ ಹೋಗಿ. ಇದರ ಹೆಸರೇನು, ಇದು ಏನು ತಿನ್ನುತ್ತೆ?"

"ಹೆಸರು... ನಾವು ಬೆಕ್ಕು ಅಂತೀವಿ ಮೇಡಂ. ತಿನ್ನೋದು, ಹಾಕಿದ್ದು ತಿನ್ನುತ್ತೆ ಅನ್ಸುತ್ತೆ. ಅದನ್ನೆಲ್ಲ ಅವಳೇ ನೋಡ್ಕೊತಿದ್ಲು."

ಫೋನ್ ನಂಬರ್ ಕೊಡದೆ ಸ್ಕೂಟರ್ ಹತ್ತಲು ಬಿಡಲಿಲ್ಲ. ಕೊಟ್ಟರು. ಸೇತುವೆಯ ಕಡೆ ಹೋಗುವಾಗ ಒಮ್ಮೆ ತಿರುಗಿ ನೋಡಿದರು. ಹಾಗೆ ತಿರುಗಿ ನೋಡಿದವರು ಅವರೊಬ್ಬರೇ, ಅದನ್ನೂ ಹೇಳಬೇಕು.

ಬೂದು ಬಣ್ಣದ ಬೆಕ್ಕು, ನಾಲ್ಕು ಪಾದ ಮಾತ್ರ ಬೆಳ್ಳಗೆ. ಚೀಲದಿಂದ ಇಳಿದದ್ದೇ ಮಂಚದ ಕೆಳಗೆ ಹೋಗಿ ಮೂಲೆ ಹಿಡಿಯಿತು. ಹಾಲಿಟ್ಟೆ, ಮೂಸಲಿಲ್ಲ. ಮೊಸರನ್ನ ಇಟ್ಟೆ. ಅನ್ನಕ್ಕೆ ಸಾರು ಕಲಸಿ ಇಟ್ಟೆ. ಇಟ್ಟದ್ದು ಇಟ್ಟ ಹಾಗೇ ಇರುವೆಗೆ ಹೋಯಿತು. ಬಿಟ್ಟ ಬೆಕ್ಕುಗಳೆಲ್ಲ ಮೊದಲು ಹೀಗೆ ಮುನಿಸಿಕೊಳ್ಳುತ್ತವೆ. ಹಸಿವು ದೊಡ್ಡದು, ಮಾರನೆಯ ದಿನ ತಾನಾಗಿಯೇ ತಿನ್ನುತ್ತದೆ ಎಂದುಕೊಂಡೆ. ಮಾರನೆಯ ದಿನವೂ ಇಲ್ಲ.

ಫೋನ್ ಮಾಡಿದೆ. "ಮೀನು ಕೊಟ್ಟು ನೋಡಿ ಮೇಡಂ" ಎಂದರು. ನಮ್ಮದು ಮೀನು ತಿನ್ನದ ಮನೆ. ನನ್ನ ಗಂಡ ಮುಖ ಮುಚ್ಚಿಕೊಂಡವರಂತೆ ಮಾರ್ಕೆಟ್ಟಿಗೆ ಹೋಗಿ ಎರಡು ಬಂಗುಡೆ ತಂದು, ಹಿತ್ತಲಲ್ಲಿ ಒಲೆ ಹೂಡಿ, ಹಳೆಯ ಡಬ್ಬಿಯಲ್ಲಿ ಬೇಯಿಸಿದರು. ಓಣಿಯ ಬೆಕ್ಕುಗಳೆಲ್ಲ ಕಾಂಪೌಂಡಿನ ಮೇಲೆ ಸಭೆ ಸೇರಿದವು. ಮಂಚದ ಕೆಳಗಿನದು ಮಾತ್ರ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡಿತು.

ಬುಟ್ಟಿಗೆ ಹಾಕಿಕೊಂಡು ಪಶುವೈದ್ಯರ ಬಳಿ ಹೋದೆವು. ಜ್ವರವಿಲ್ಲ, ಗಾಯವಿಲ್ಲ. "ಮನಸ್ಸಿಗೆ ಹಚ್ಕೊಂಡಿದೆ. ಬೆಕ್ಕು ಹಿಂಗೆ ಉಪವಾಸ ಬಿದ್ರೆ ಲಿವರ್ ಕೆಡುತ್ತೆ, ಆಮೇಲೆ ಉಳಿಯೋದು ಕಷ್ಟ. ಮನೆಯವ್ರನ್ನ ಕೇಳಿ, ಏನು ಕೊಡ್ತಿದ್ರು, ಹೆಂಗೆ ಕೊಡ್ತಿದ್ರು ಅಂತ" ಎಂದರು. ಬಸುರಿಯ ವಿಷಯವನ್ನೂ ಕೇಳಿದೆ. ಅವಳು ಬೆಕ್ಕಿನ ಗಲೀಜು ಮುಟ್ಟಬಾರದು, ಅದನ್ನು ಬೇರೆಯವರು ತೆಗೆಯಬೇಕು, ಅವಳು ಕೈ ತೊಳೆದುಕೊಳ್ಳುತ್ತಿರಬೇಕು, ಉಳಿದದ್ದನ್ನು ಅವಳನ್ನು ನೋಡುವ ಡಾಕ್ಟರನ್ನು ಕೇಳಲಿ ಎಂದರು. ಅದಕ್ಕೆ ಎರಡು ಹೊಳೆ ದಾಟಿಸಿದ್ದರಲ್ಲ ಮಹಾನುಭಾವರು!

ಅಲ್ಲಿಂದಲೇ ಫೋನ್ ಹಚ್ಚಿದೆ. "ನಿಮ್ಮ ಸೊಸೇನ ಕೇಳಿ ಹೇಳಿ."

"ಹೆಂಗೆ ಕೇಳ್ಲಿ ಮೇಡಂ? ಎಲ್ಲೋ ಓಡಿಹೋಯ್ತು ಅಂತ ಹೇಳಿಬಿಟ್ಟಿದೀವಿ. ಅವಳು ದಿನಾ ಹಿತ್ತಲ ಬಾಗಿಲು ತೆಗೆದಿಟ್ಟು ಕಾಯ್ತಾಳೆ."

"ಸರಿ, ಹಂಗಾದ್ರೆ ಸತ್ತ ಮೇಲೆ ಫೋನ್ ಮಾಡ್ತೀನಿ. ಅದನ್ನೂ ಹೇಳ್ಬೇಡಿ" ಎಂದು ಕಟ್ ಮಾಡಿದೆ. ಕಟುವಾಯಿತು ಅನಿಸಿತು. ಆದರೂ ವಾಪಸ್ ಮಾಡಲಿಲ್ಲ. ಅವರ ಸ್ಥಿತಿ ಬಾಯಲ್ಲಿಟ್ಟ ಬಿಸಿತುಪ್ಪದಂತೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅರ್ಥವಾಗುತ್ತಿತ್ತು. ಆದರೆ ಬುಟ್ಟಿಯೊಳಗೆ ಬೆನ್ನುಮೂಳೆ ಎದ್ದು ಕಾಣುತ್ತಿದ್ದದ್ದು ಅವರದಲ್ಲ.

ಮಾರನೆಯ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಧ್ವನಿ ಒಡೆದಿತ್ತು. ಸೊಸೆ ಕಾಫಿ ತಂದುಕೊಟ್ಟಾಗ, ಪೇಪರಿನಿಂದ ತಲೆಯೆತ್ತದೆ, "ಅದು ಏನು ತಿಂತಿತ್ತಮ್ಮ, ನಿನ್ನ ಬೆಕ್ಕು?" ಎಂದು ಸುಮ್ಮನೆ ಕೇಳುವವರಂತೆ ಕೇಳಿದರಂತೆ. ಅವಳು ಲೋಟ ಕೆಳಗಿಟ್ಟು, "ಸಿಕ್ತಾ ಮಾವ?" ಎಂದಳಂತೆ.

"ಆ ಮುಖ ನೋಡಿ ಇನ್ನೊಂದು ಸುಳ್ಳು ಹೇಳಕ್ಕಾಗ್ಲಿಲ್ಲ ಮೇಡಂ. ಎಲ್ಲಾ ಹೇಳ್ದೆ. ಈಗ್ಲೇ ಹೊರಡೋಣ ಅಂತಿದಾಳೆ. ಬರ್ತೀವಿ."

ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು, ಆಟೋ ಮಾಡಿಕೊಂಡು ಬಂದರು. ಅವಳು ಸಣ್ಣ ಮೈಯ ಹುಡುಗಿ, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ದಾರಿಯುದ್ದಕ್ಕೂ ಮಾವನ ಜೊತೆ ಮಾತಾಡಿದ ಲಕ್ಷಣವಿರಲಿಲ್ಲ. ಗಂಡ ಕಂಪನಿ ಕೆಲಸದ ಮೇಲೆ ಊರೂರು ಸುತ್ತುವವನು, ವಾರಕ್ಕೊಮ್ಮೆ ಮನೆಗೆ ಬರುತ್ತಾನಂತೆ. ನನಗೊಂದು ನಮಸ್ಕಾರ ಹೇಳಿ, ಮಂಚದ ಪಕ್ಕ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತು, ತನ್ನದೊಂದು ಹೆಸರಿನಿಂದ ಕರೆದಳು. ಬೆಕ್ಕು ಹೊರಗೆ ಬಂತು. ಓಡಿ ಬರಲಿಲ್ಲ, ಕೂಗಲಿಲ್ಲ. ಬಂದು ಅವಳ ಮೊಣಕಾಲಿಗೆ ಹಣೆ ಒತ್ತಿ ನಿಂತಿತು. ಅವಳ ಕಣ್ಣು ತುಂಬಿತು, ನನ್ನದೂ.

"ಆಂಟಿ, ಒಂದು ತಟ್ಟೆ ಅನ್ನ ಸಾರು ಕೊಡ್ತೀರಾ? ನನಗೆ" ಎಂದಳು.

ಹಸಿದು ಬಂದಿದ್ದಾಳೆ, ಬಸುರಿ ಬೇರೆ. ನನಗೇ ಹೊಳೆಯಬೇಕಿತ್ತು. ಹೊರಗೆ ಹಜಾರದಲ್ಲಿ ಅವಳ ಮಾವನಿಗೆ ನನ್ನ ಗಂಡ ಟೇಬಲ್ಲಿನ ಮೇಲೆ ಬಡಿಸುತ್ತಿದ್ದರು. ಇವಳಿಗೂ ಅಲ್ಲೇ ಎಂದರೆ ಬೇಡವೆಂದು ಅಡುಗೆಮನೆಯ ನೆಲದಲ್ಲೇ ಕೂತಳು. ತನ್ನ ತಟ್ಟೆಯಿಂದ ಒಂದು ಹಿಡಿ ಅನ್ನ ತೆಗೆದು ಪಾತ್ರೆಯ ಮುಚ್ಚಳದ ಮೇಲೆ ಇಟ್ಟು ಪಕ್ಕಕ್ಕೆ ಸರಿಸಿದಳು. ಬೆಕ್ಕಿನ ಕಡೆ ನೋಡಲೂ ಇಲ್ಲ. ತಾನು ಉಣ್ಣತೊಡಗಿದಳು. ಬೆಕ್ಕು ಅವಳು ಎರಡು ಮೂರು ತುತ್ತು ತಿನ್ನುವವರೆಗೂ ಕೂತು ನೋಡಿತು. ಆಮೇಲೆ ತಲೆ ಬಗ್ಗಿಸಿ ತಿನ್ನತೊಡಗಿತು.

"ಅಲ್ಲ ಮಾರಾಯ್ತಿ, ನಾನೂ ಅದೇ ಅನ್ನ ಸಾರೇ ಹಾಕಿದ್ನಲ್ಲ!"

"ಹಾಕಿ ಹೋದ್ರೆ ತಿನ್ನಲ್ಲ ಆಂಟಿ. ಪಕ್ಕದಲ್ಲಿ ಕೂತು ನಾವೂ ಉಣ್ಬೇಕು."

"ಯಾರಮ್ಮ ಇಂಥ ಅಭ್ಯಾಸ ಮಾಡಿಸಿದ್ದು?"

"ಯಾರೂ ಮಾಡಿಸ್ಲಿಲ್ಲ. ಮನೇಲಿ ಎಲ್ರಿಗೂ ಬಡಿಸಿ, ಎಲ್ರದೂ ಆದ್ಮೇಲೆ ನಾನೊಬ್ಳೇ ಅಡುಗೆಮನೇಲಿ ಕೂತು ಉಣ್ಣೋದಲ್ವಾ. ಆಗ ಇದೊಂದು ಬಂದು ಜೊತೇಲಿ ಕೂರ್ತಿತ್ತು. ಹಂಗೇ ಅಭ್ಯಾಸ ಆಗೋಯ್ತು, ಅದಕ್ಕೂ, ನನಗೂ."

ದೂರು ಹೇಳುವ ಧ್ವನಿಯಲ್ಲ. ಸಾರಿಗೆ ಉಪ್ಪು ಎಷ್ಟು ಎಂದು ಹೇಳುವ ಹಾಗೆ ಹೇಳಿದಳು. ನಾನೂ ಸೊಸೆಯಾಗಿ ಬಂದವಳೇ. ಕೊನೆಗೆ ಉಳಿದ ಸಾರಿನ ತಳ ಬಳಿದುಕೊಂಡು ಒಬ್ಬಳೇ ಉಂಡ ಮಧ್ಯಾಹ್ನಗಳು ನನಗೂ ಗೊತ್ತು. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ, ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ನಾವೇ ಒಪ್ಪಿಕೊಂಡು ಬಂದದ್ದು. ಆ ಮನೆಯಲ್ಲಿ ಅವಳ ಪಂಕ್ತಿಗೆ ಕೂರುತ್ತಿದ್ದ ಒಂದೇ ಒಂದು ಜೀವವನ್ನು, ಅವಳ ಒಳ್ಳೆಯದಕ್ಕೇ ಎಂದುಕೊಂಡು, ಚೀಲದಲ್ಲಿ ತುಂಬಿ ತಂದಿದ್ದರು.

ಹಜಾರಕ್ಕೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಬರೀ ಒಂದು ಕಮಾನು. ಅಲ್ಲಿ ಕೂತವರಿಗೆ ಇಲ್ಲಿಯ ಮಾತು ಕೇಳದೆ ಇರುವುದಿಲ್ಲ. ತಟ್ಟೆಯ ಸದ್ದು ನಿಂತಿತ್ತು.

ಅವರಿಗೆ ಹೇಳಬೇಕೆಂದು ನಾನು ಬೆಳಗಿನಿಂದ ಒಂದು ದೊಡ್ಡ ಭಾಷಣ ತಯಾರು ಮಾಡಿಟ್ಟುಕೊಂಡಿದ್ದೆ. ಸಾಕುವುದೆಂದರೆ ಏನು, ಹೊಣೆಯೆಂದರೆ ಏನು, ಯಾರದೋ ಪ್ರಾಣಿಯನ್ನು ಬಿಟ್ಟು ಬರಲು ನೀವು ಯಾರು, ಹೀಗೆ. ಒಂದಕ್ಷರವೂ ಹೊರಗೆ ಬರಲಿಲ್ಲ. ಬೇಕಾಗಲೂ ಇಲ್ಲ. ವೈದ್ಯರು ಹೇಳಿದ್ದನ್ನಷ್ಟೇ ಹೇಳಿದೆ. "ಅದರ ಗಲೀಜು ನಾನು ತೆಗೀತೀನಿ. ಡಾಕ್ಟ್ರ ಹತ್ರಾನೂ ನಾನೇ ಇವಳನ್ನ ಕರ್ಕೊಂಡು ಹೋಗಿ ಕೇಳ್ತೀನಿ" ಎಂದರು ಅವಳ ಮಾವ. ಸಂಜೆಯ ಬಸ್ಸಿಗೆ ಬೆಕ್ಕು ನಮ್ಮ ಮನೆಯ ಬಿದಿರಿನ ಬುಟ್ಟಿಯಲ್ಲಿ ಭದ್ರಾವತಿಗೆ ಹೊರಟಿತು. ಬುಟ್ಟಿ ಮಾವನ ತೊಡೆಯ ಮೇಲಿತ್ತು. ಗೋಣಿಚೀಲ ಇಲ್ಲೇ ಉಳಿಯಿತು, ನಾನು ಅದನ್ನು ಹಿತ್ತಲ ಬಾಗಿಲಲ್ಲಿ ಕಾಲೊರಸಲು ಹಾಕಿಕೊಂಡಿದ್ದೇನೆ.

ಓಣಿಗೆ ಈಗಲೂ ಬೆಕ್ಕುಗಳು ಬರುತ್ತಲೇ ಇವೆ, ನಾನು ಕೂಗಾಡುತ್ತಲೇ ಇದ್ದೇನೆ. ಆದರೆ ಬೈಯಲು ಬಾಯಿ ತೆರೆದಾಗಲೆಲ್ಲ ನೆನಪಾಗುವುದು ಆ ಮಧ್ಯಾಹ್ನ. ಸೊಸೆಯ ಮಾತು ಮುಗಿದ ಸ್ವಲ್ಪ ಹೊತ್ತಿಗೆ ಅವಳ ಮಾವ ಟೇಬಲ್ಲಿನಿಂದ ತಮ್ಮ ತಟ್ಟೆ ಎತ್ತಿಕೊಂಡು ಬಂದರು. ಅವಳು ಗಾಬರಿಯಾಗಿ ಏಳಹೋದಳು. "ಕೂತ್ಕೋಮ್ಮ, ಉಣ್ಣು" ಎಂದು, ಮಂಡಿನೋವಿಗೆ ನರಳುತ್ತ, ಬೆಕ್ಕಿನ ಆಚೆ ಬದಿಗೆ ನೆಲದ ಮೇಲೆ ಕೂತರು. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರದೂ ಮುಗಿಯದೆ ಏಳಬಾರದು ಎಂಬುದು ನಮ್ಮಲ್ಲಿ ಚಿಕ್ಕಂದಿನಿಂದ ಕಲಿಸುವ ಮಾತು. ಅವಳದು ನಿಧಾನದ ಊಟ. ಅವರ ತಟ್ಟೆ ಖಾಲಿಯಾಗಿ, ಕೈ ಒಣಗಿತ್ತು. ಅವಳು ಕೊನೆಯ ತುತ್ತು ಮುಗಿಸುವವರೆಗೂ ಅವರು ಏಳಲಿಲ್ಲ.