ಸೋಡಾ ಹಾಕಿ ತೊಳೆದ ಕೆರೆ

ನಮ್ಮ ಜಯಲಕ್ಷ್ಮಿಪುರಂ ಮನೆಯ ಹಾಲ್‌ನಲ್ಲಿ ಎರಡು ನೀರಿನ ಚಿತ್ರಗಳಿದ್ದವು. ಒಂದು ನಾರ್ವೆಯ ಪ್ರಿಂಟು. ಬೆಟ್ಟಗಳ ನಡುವೆ ಸಮುದ್ರ ಒಳಕ್ಕೆ ನುಗ್ಗಿ ನಿಂತದ್ದು. ಕಾನ್ವೆಂಟಿನಲ್ಲಿ ಪ್ರೈಜ಼್ ಎಂದು ಸಿಸ್ಟರ್ ಕೊಟ್ಟದ್ದು. ಇನ್ನೊಂದು ನನ್ನ ಅಣ್ಣ ಆಯಿಲ್ ಪೇಂಟ್‌ನಲ್ಲಿ ಬರೆದ ಕುಕ್ಕರಹಳ್ಳಿ ಕೆರೆ, ನನ್ನ ಮದುವೆಯ ಉಡುಗೊರೆ. ಅದಕ್ಕೂ ಗಾಜು ಹಾಕಿಸುತ್ತೇನೆ ಎಂದಾಗ ಅಣಕಿಸಿದ್ದ: "ನೀರಿನ ಮೇಲೆ ಗಾಜು ಮುಚ್ತಾರೇನೇ? ನಿನ್ನ ಫಾರಿನ್ ನೀರಿಗೆ ಸಾಕು ಬಿಡು."

ತೊಂಬತ್ತರ ದಶಕದ ಕೊನೆಗೆ ಗ್ಲಾಕೋಮಾ ಅವನ ಎರಡು ಕಣ್ಣನ್ನೂ ತಿಂದುಹಾಕಿತ್ತು. ಬರೆದ ಚಿತ್ರಗಳೆಲ್ಲ ಯಾರ್ಯಾರದೋ ಮನೆ ಸೇರಿ, ಕೈಗೆ ಸಿಗುವಂತೆ ಉಳಿದದ್ದು ಇದೊಂದೇ. ಪ್ರತಿ ಭಾನುವಾರ ಚಾಮರಾಜಪುರಂನಿಂದ ಆಟೋದಲ್ಲಿ ಬರುತ್ತಿದ್ದ. ನೀರಿನ ಮೇಲೆ ಬೆಳಗಿನ ಬಿಸಿಲು ಬಿದ್ದ ಕಡೆ ಅವನು ಬಿಳಿ ಬಣ್ಣವನ್ನು ಪೇಂಟಿಂಗ್ ನೈಫ್‌ನಿಂದ ದಪ್ಪಗೆ ಮೆತ್ತಿದ್ದ. ಆ ಏಣುಗಳ ಮೇಲೆ ಬೆರಳಾಡಿಸಿ, "ಇದೆ ಕಣೇ, ಎಲ್ಲೂ ಹೋಗಿಲ್ಲ" ಎನ್ನುತ್ತಿದ್ದ. ಆಮೇಲೆಯೇ ಕಾಫಿ.

ದಸರೆಗೆ ಮುಂಚೆ ಒಂದು ಶನಿವಾರ ಎರಡನ್ನೂ ಇಳಿಸಿಕೊಂಡು ಕೂತೆ. ನಾರ್ವೆಯ ಗಾಜು ಒರೆಸಿದ್ದಾಯಿತು. ದೇವರ ದೀಪದ ಹೊಗೆಗೆ ಕೆರೆ ಜಿಡ್ಡುಗಟ್ಟಿತ್ತು. ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ ಎಂದು ಹೌಸ್‌ಕೀಪಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರಲ್ಲ. ಬಟ್ಟೆಗೆ ಕಂದು ಬಂತು, ಖುಷಿಯಾಯಿತು. ಇನ್ನಷ್ಟು ಹಾಕಿ ಉಜ್ಜಿದೆ. ಬಟ್ಟೆಗೆ ಬಿಳಿ ಬಂತು. ಸೋಡಾ ಸರಿಯಾಗಿ ಕರಗಿಲ್ಲ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ನೋಡಿದಾಗ ನೀರಿದ್ದ ಕಡೆಯೆಲ್ಲ ಕ್ಯಾನ್ವಾಸಿನ ನೂಲು ಕಾಣುತ್ತಿತ್ತು.

ಸಂಜೆ ಫ್ರೇಮ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಬೆಳಕಿಗೆ ಹಿಡಿದು ನೋಡಿ, "ಇದಕ್ಕಿನ್ನೇನೂ ಮಾಡಕ್ಕಾಗಲ್ಲ ಕಣಮ್ಮ. ಉಳಿದಿರೋದಕ್ಕಾದ್ರೂ ಗಾಜು ಹಾಕಿಸ್ಬುಡಿ" ಎಂದ. ವಾಪಸ್ ತಂದು ಅದೇ ಮೊಳೆಗೆ ನೇತುಹಾಕಿದೆ. ನಾಳೆ ಬರಬೇಡ ಎನ್ನಲು ಅಣ್ಣನ ನಂಬರ್ ಎರಡು ಸಲ ಡಯಲ್ ಮಾಡಿ ಫೋನ್ ಇಟ್ಟುಬಿಟ್ಟೆ.

ಬಂದ. "ಮೊದಲು ಕಾಫಿ ಕುಡಿ ಅಣ್ಣ, ಆರಿಹೋಗತ್ತೆ."

"ಆರ್ಲಿ ಬಿಡೇ."

ಬೆರಳು ಆ ಜಾಗಕ್ಕೇ ಹೋಗಿ ನಿಂತಿತು. ಸ್ವಲ್ಪ ಮೇಲಕ್ಕೆ, ಕೆಳಕ್ಕೆ, ಮತ್ತೆ ಅಲ್ಲಿಗೇ.

"ಏನು ಹಾಕಿ ಉಜ್ಜಿದೆ?"

"ಸೋಡಾ."

"ಪಾತ್ರೆಗೆ ಹಾಕ್ತಾರಲ್ಲ, ಅದೇ?"

"ಹೂಂ. ಐಯಾಮ್ ಸೋ ಸಾರಿ, ಅಣ್ಣ."

"ಕೆರೇನೇ ತೊಳೆದೋಳು ಇಡೀ ಮೈಸೂರಲ್ಲಿ ನೀನೊಬ್ಳೇ ಕಣೇ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಕೈ ಮಾತ್ರ ತೆಗೆಯಲಿಲ್ಲ. "ಹೋಗ್ಲಿ. ಇನ್ಮೇಲೆ ನೀನೇ ಹೇಳ್ಬೇಕು. ಬಿಸಿಲು ಹೇಗೆ ಬಿದ್ದಿತ್ತು, ನೀರು ಏನು ಬಣ್ಣ ಇತ್ತು? ನಂಗೆ ಈಚೆಗೆ ಎಲ್ಲಾ ಬೆರಳಲ್ಲೇ ನೆನಪು."

ಮೂವತ್ತು ವರ್ಷಕ್ಕೂ ಮೇಲೆ ಆ ಚಿತ್ರದ ಕೆಳಗೆ ಕೂತು ಸ್ವೆಟರ್ ಹೆಣೆದಿದ್ದೇನೆ. ಬಂದವರಿಗೆಲ್ಲ "ಮೈ ಬ್ರದರ್ಸ್ ವರ್ಕ್" ಎಂದು ತೋರಿಸಿದ್ದೇನೆ. ನಾರ್ವೆಯ ನೀರು ಎಂಥ ನೀಲಿ ಎಂದು ಈಗಲೂ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಕೆರೆಯದು ಹಸಿರೋ, ಬೂದುಬಣ್ಣವೋ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಬಿಳಿ ಇತ್ತು ಅಣ್ಣ" ಎಂದೆ.

"ಬಿಳಿ ಅಂದ್ರೆ?"

ಅವನ ಬೆರಳು ಬರಿಯ ಕ್ಯಾನ್ವಾಸಿನ ಮೇಲೆ ಕಾಯುತ್ತಿತ್ತು.