ಗಾಳಿಯಲ್ಲಿ ನಿಂತ ಡಿಟೆಕ್ಟರುಗಳು

ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ. ನನ್ನದು ದಾಂಡೇಲಿಯ ಬಂಗೂರನಗರದ ಶಾಲೆಯ ದಿನಗಳಿಂದ ಜತನವಾಗಿ ಸಾಕಿಕೊಂಡು ಬಂದದ್ದು, ಅದೂ ಒಬ್ಬಳೇ ಗೆಳತಿಯ ಮೇಲೆ. ಇಬ್ಬರ ಅಪ್ಪಂದಿರೂ ಕಾಗದದ ಕಾರ್ಖಾನೆಯಲ್ಲಿ ಒಂದೇ ಪಾಳಿಯವರು. ಈಗ ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ, ನ್ಯೂಟ್ರಾನ್ ಹಿಡಿಯುವ ಡಿಟೆಕ್ಟರುಗಳನ್ನು ಹೇಗೆ ಜೋಡಿಸಬೇಕೆಂದು ವಿನ್ಯಾಸ ಮಾಡುವ ಕೆಲಸದಲ್ಲಿದ್ದೇವೆ. ಇವಳನ್ನು ಕೂರಿಸಲು ದೇವರಿಗೆ ಬೇರೆಲ್ಲೂ ಜಾಗವೇ ಸಿಗಲಿಲ್ಲವೇ?

ಕಳೆದ ದೀಪಾವಳಿಗೆ ಇಬ್ಬರೂ ದಾಂಡೇಲಿಗೆ ಬಂದಿದ್ದೆವು. ರಜೆ ಮುಗಿದ ಕೂಡಲೇ ಸಭೆ. ಅವಳದೊಂದು ವಿನ್ಯಾಸ, ನನ್ನದೊಂದು, ಕಟ್ಟುವುದು ಒಂದನ್ನೇ. ಅದು ನನ್ನದೇ ಆಗಬೇಕೆಂದು ಎಣ್ಣೆಸ್ನಾನವನ್ನೂ ಅವಸರದಲ್ಲಿ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಆಗಲೇ ಅಂಬೇವಾಡಿಯ ನಮ್ಮ ಮನೆಗೆ ಬಂದಳು, ಮಹಾರಾಯ್ತಿ.

“ಬಾ ನಮ್ಮವ್ವಾ, ಎಷ್ಟ ಸೊರಗೀದಿ!” ಎಂದು ಅವ್ವ ಅವಳ ಕೆನ್ನೆ ಸವರಿದಳು. ಹಿಂದಿನ ದಿನ ಬಸ್ಸಿಳಿದು ಬಂದ ನನಗೆ ಹೇಳಿದ್ದು, “ಚಪ್ಪಲ್ ಹೊರಗ ಬಿಡು,” ಅಂತ. ಕರ್ಚಿಕಾಯಿಯ ಡಬ್ಬಿಯೂ ಅವಳ ಕಡೆಗೇ ಸರಿಯಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಅವಳು ಕರ್ಚಿಕಾಯಿ ಕಡಿಯುತ್ತ ನನ್ನ ಪರದೆಯ ಕಡೆ ಬಗ್ಗಿದಳು. ಮುಚ್ಚಲು ಹೋದೆ, ಅಷ್ಟರಲ್ಲಿ ನೋಡಿಯೇಬಿಟ್ಟಿದ್ದಳು. ನಡುವೆ ಕಿರಣ ಬಂದು ಬಡಿಯುವ ತೆಳು ಲೋಹದ ಹಾಳೆ, ಅಲ್ಲಿಂದ ಚಿಮ್ಮುವ ನ್ಯೂಟ್ರಾನುಗಳಿಗಾಗಿ ಸುತ್ತಲೂ ನನ್ನ ಡಿಟೆಕ್ಟರುಗಳು.

“ಚಂದ ಐತಿ. ಆದ್ರ ಇವೆಲ್ಲಾ ಯಾವುದರ ಮ್ಯಾಲ ನಿಂತಾವ?”

ಕಂಪ್ಯೂಟರಿನಲ್ಲಿ ಡಿಟೆಕ್ಟರುಗಳು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಲ್ಲುತ್ತವೆ. ನಾನು ಹಾಗೆಯೇ ನಿಲ್ಲಿಸಿ ಲೆಕ್ಕ ಹಾಕಿದ್ದೆ! ನಿಜವಾಗಿ ಕಟ್ಟುವಾಗ ಅವನ್ನು ಹೊರಲು ಲೋಹದ ಚೌಕಟ್ಟು ಬೇಕು. ನ್ಯೂಟ್ರಾನ್ ಅದಕ್ಕೂ ಬಡಿದು, ದಿಕ್ಕು ಬದಲಿಸಿ, ತನ್ನದಲ್ಲದ ಡಿಟೆಕ್ಟರನ್ನು ಹೊಕ್ಕು ಸುಳ್ಳು ಲೆಕ್ಕ ಕೊಡುತ್ತದೆ. ಸಭೆಯಲ್ಲಿ ಯಾರಾದರೂ ಇದನ್ನೇ ಕೇಳಿದ್ದರೆ ನನ್ನ ಕಥೆ ಮುಗಿದಿತ್ತು.

“ಇದನ್ನ ಮೀಟಿಂಗಿನ್ಯಾಗ ಕೇಳಬೇಕಿತ್ತಲ್ಲ. ನೀನ ಗೆಲ್ಲತಿದ್ದಿ,” ಎಂದೆ.

“ಏ ಹುಚ್ಚಿ, ಹಂಗ ಗೆದ್ದು ಏನ್ ಮಾಡ್ಲಿ?” ಎಂದು ಅವಳು ಇನ್ನೊಂದು ಕರ್ಚಿಕಾಯಿ ಎತ್ತಿಕೊಂಡಳು.

ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ! ಅವತ್ತು ಬಂದಷ್ಟು ಸಿಟ್ಟು ಅವಳ ಮೇಲೆ ನನಗೆ ಹಿಂದೆಂದೂ ಬಂದಿರಲಿಲ್ಲ.

ಉಳಿದ ರಜೆಯೆಲ್ಲ ಚೌಕಟ್ಟಿಗೇ ಹೋಯಿತು. ಕೊನೆಗೆ ನ್ಯೂಟ್ರಾನುಗಳ ದಾರಿಗೆ ಅಡ್ಡ ಬಾರದಂತೆ ಡಿಟೆಕ್ಟರುಗಳನ್ನು ಹಿಂದಿನಿಂದ ಹಿಡಿಯುವ ತೆಳುವಾದದ್ದೊಂದು ಹೊಂದಿಕೊಂಡಿತು. ಸಭೆಯಲ್ಲಿ ಮೊದಲ ಪ್ರಶ್ನೆಯೇ ಅದು. ನನ್ನ ಬಳಿ ಉತ್ತರವಿತ್ತು. ನನ್ನ ವಿನ್ಯಾಸವನ್ನೇ ಆರಿಸಿದರು. ಮೊದಲು ಚಪ್ಪಾಳೆ ತಟ್ಟಿದವಳೂ ಅವಳೇ.

ಹೊರಗೆ ಬಂದು, ಅವಳು ಪಕ್ಕದಲ್ಲಿ ನಿಂತಿರುವಾಗಲೇ, ಬೇಕೆಂದೇ ಅವ್ವನಿಗೆ ಫೋನ್ ಮಾಡಿದೆ. “ಅವ್ವಾ, ನಂದ ಆತು!”

“ಹೌದನ? ಚಲೋ ಆತು,” ಎಂದಳು. ಆಮೇಲೆ ದನಿ ಇಳಿಸಿ, “ಅಕಿಗೆ ಭಾಳ ಬ್ಯಾಸರ ಆಗಿರಬೇಕಲ್ಲ? ಫೋನ್ ಅಕಿ ಕೈಯಾಗ ಕೊಡು.”

ಕೊಟ್ಟೆ. ಅವರ ಮಾತು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಫೋನ್ ನನ್ನ ಕೈಗೆ ಬರುವಷ್ಟರಲ್ಲಿ ಅವ್ವ ಇಟ್ಟುಬಿಟ್ಟಿದ್ದಳು.